ಎದುರು ಮನೆಯ ಡಬ್ಬಿ ಮತ್ತು ಐದು ಕಾರಣಗಳು

ಅರ್ಥಶಾಸ್ತ್ರ ಕಲಿಸುತ್ತೇನೆ ಎಂದು ಹೇಳಿದ ತಕ್ಷಣ ಜನ ಕೇಳುವ ಮೊದಲ ಪ್ರಶ್ನೆ, ಬಂಗಾರ ಈಗ ತೆಗೆದುಕೊಳ್ಳುವುದೋ ದೀಪಾವಳಿ ಕಳೆದ ಮೇಲೋ ಎಂಬುದು. ಮದುವೆ ಮನೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ. ಒಮ್ಮೆ ಹಲ್ಲಿನ ಡಾಕ್ಟರು ನನ್ನ ಬಾಯಿಯನ್ನು ಅಗಲವಾಗಿ ತೆರೆಸಿಟ್ಟುಕೊಂಡೇ ಕೇಳಿದ್ದರು. ನನಗೆ ಮೈಯೆಲ್ಲ ಉರಿಯುತ್ತದೆ. ಅದೆಲ್ಲ ಗೊತ್ತಿದ್ದರೆ ಈ ವಯಸ್ಸಿನಲ್ಲಿ ಪುಣೆಯ ಸದಾಶಿವ ಪೇಠದ ಕೋಚಿಂಗ್ ಕ್ಲಾಸಿನ ಮೆಟ್ಟಿಲನ್ನು ನಾನೇಕೆ ಏದುಸಿರು ಬಿಡುತ್ತ ಹತ್ತಬೇಕಿತ್ತು? ಆದರೆ ಎದುರು ಮನೆಯ ಕಾಕೂ ಕೇಳಿದ್ದು ಬಂಗಾರದ ವಿಷಯ ಅಲ್ಲ. ಅವರು ಕೇಳಿದ ದಿನ ನನಗೆ ಸಿಟ್ಟೂ ಬರಲಿಲ್ಲ. ಬಂದಿದ್ದು ಭಯ.

ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದಾಗಿನಿಂದ ನಾವು ಇದ್ದದ್ದು ಕೋಥರೂಡಿನ ಒಂದು ಹಳೆಯ ಹೌಸಿಂಗ್ ಸೊಸೈಟಿಯಲ್ಲಿ. ಲಿಫ್ಟು ಇಲ್ಲದ ಕಟ್ಟಡ. ಪ್ರತಿ ಮಹಡಿಯಲ್ಲಿ ಎದುರುಬದುರು ಎರಡು ಬಾಗಿಲು, ನಡುವೆ ಚಪ್ಪಲಿ ಬಿಡುವಷ್ಟು ಜಾಗ. ನಮ್ಮ ಎದುರು ಬಾಗಿಲು ಕಾಕೂ ಅವರದು. ಕಾಕೂ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಕಟ್ಟಡದವರೆಲ್ಲ ಹಾಗೆಯೇ ಕರೆಯುವುದು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಒಬ್ಬಳೇ ಮಗಳು ಊರಿನ ಇನ್ನೊಂದು ತುದಿಯ ಖರಾಡಿಯಲ್ಲಿ ಕೆಲಸದಲ್ಲಿದ್ದಾಳೆ. ಕಾಕೂ ಅವರಿಗೆ ಜಗತ್ತಿನಲ್ಲಿ ತಮ್ಮದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಎರಡು ಕೋಣೆಯ ಮನೆ ಒಂದೇ. ಅವರಿಗೆ ಕನ್ನಡ ಬರುವುದಿಲ್ಲ, ಆಡುವುದೆಲ್ಲ ಮರಾಠಿ. ಆದರೆ ಇಷ್ಟು ವರ್ಷದಲ್ಲಿ ಅವರ ಮಾತು ನನ್ನ ಕಿವಿಗೆ ಬೀಳುವುದೇ ಧಾರವಾಡದ ಕನ್ನಡವಾಗಿ. ಹಾಗೆಯೇ ಬರೆಯುತ್ತೇನೆ, ಬೇರೆ ದಾರಿ ನನಗೆ ಗೊತ್ತಿಲ್ಲ.

ಕಳೆದ ವರ್ಷ ನಮ್ಮ ಸೊಸೈಟಿಗೂ ರೀಡೆವಲಪ್‌ಮೆಂಟ್ ಬಂತು. ಕೋಥರೂಡಿನಲ್ಲಿ ಈಗ ಯಾವ ಓಣಿಗೆ ಹೋದರೂ ಇದೇ ಮಾತು. ಬಿಲ್ಡರ್ ಬಂದು ಹಳೆಯ ಕಟ್ಟಡ ಕೆಡವುತ್ತಾನೆ, ಅದೇ ಜಾಗದಲ್ಲಿ ಎತ್ತರದ ಕಟ್ಟಡ ಎಬ್ಬಿಸುತ್ತಾನೆ, ಹಳಬರಿಗೆ ಮೊದಲಿಗಿಂತ ದೊಡ್ಡ ಮನೆ ಪುಕ್ಕಟೆ ಕೊಡುತ್ತಾನೆ, ಮೇಲಿನ ಮಹಡಿಗಳನ್ನು ಹೊಸಬರಿಗೆ ಮಾರಿ ತನ್ನ ಲಾಭ ತೆಗೆಯುತ್ತಾನೆ. ಎಲ್ಲ ಮನೆಯವರೂ ಸಹಿ ಹಾಕಬೇಕು, ಅಷ್ಟೆ. ಕೇಳಲು ಚೆನ್ನಾಗಿದೆ. ಇದೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಊರು ಬೆಳೆಯುತ್ತಲೇ ಇರುತ್ತದೆ, ಹೊಸಬರು ಬರುತ್ತಲೇ ಇರುತ್ತಾರೆ. ನಡುವೆ ಎಲ್ಲಿಯಾದರೂ ಅದು ನಿಂತರೆ ಕಟ್ಟಡವೂ ನಿಲ್ಲುತ್ತದೆ. ನಮ್ಮ ಹಿಂದಿನ ಓಣಿಯಲ್ಲಿ ಅಂಥದ್ದೊಂದು ನಿಂತಿತ್ತು. ಮೇಲಿನ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿದಿತ್ತು. ಅಲ್ಲಿದ್ದವರು ಇಂದಿಗೂ ಬಾಡಿಗೆ ಮನೆಗಳಲ್ಲಿದ್ದಾರೆ, ಅವರಲ್ಲಿ ಒಬ್ಬರು ಕಾಕೂ ಅವರ ಭಜನೆ ಗೆಳತಿ.

ಒಂದು ಬೆಳಿಗ್ಗೆ ನಾನು ಕ್ಲಾಸಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಕಾಕೂ ತಮ್ಮ ಬಾಗಿಲಲ್ಲಿ ನಿಂತಿದ್ದರು.

"ನೀವು ಇದನ್ನ ಹುಡುಗರಿಗೆ ಕಲಸ್ತೀರಲ್ಲ, ಅದಕ್ಕ ಕೇಳ್ತೇನಿ," ಎಂದರು. "ನಾ ಸಣ್ಣಾಕಿ ಇದ್ದಾಗ ಈ ಕಡೆ ಬರೇ ಹೊಲ ಇತ್ತು. ಈಗ ನೋಡ್ರಿ. ಇಷ್ಟು ವರ್ಷ ಒಂದs ಸವನ ಬೆಳಕೋತ ಬಂತು. ಯಾಕ ಬೆಳೀತು? ಕಾರಣ ಗೊತ್ತಿದ್ರ ಮುಂದನೂ ಬೆಳೀತದೋ ಇಲ್ಲೋ ಹೇಳಬಹುದಲ್ಲ. ನೀವು ಹೂಂ ಅಂದ್ರ ನಾ ಸಹಿ ಮಾಡ್ತೇನಿ. ಉಹೂಂ ಅಂದ್ರ ಇಲ್ಲ."

"ಸಂಜಿಗೆ ಬಂದು ಹೇಳ್ತೇನ್ರಿ," ಎಂದು ಕೆಳಗಿಳಿದೆ.

ಅವತ್ತಿನ ಪಾಠ ಬೇಕೆಂದೇ ಕಾಯುತ್ತಿದ್ದಂತೆ ಅದೇ ಆಗಿತ್ತು. "ಬಂಡವಾಳಶಾಹಿ ದೇಶವೊಂದರಲ್ಲಿ ದೀರ್ಘಕಾಲದ ಆರ್ಥಿಕ ಬೆಳವಣಿಗೆಗೆ ಕಾರಣಗಳನ್ನು ವಿವರಿಸಿ." ಸರಕಾರಿ ನೌಕರಿಯ ಪರೀಕ್ಷೆ ಬರೆಯುವ ಮಕ್ಕಳಿಗೆ ನಾನು ಇದನ್ನು ಕೈಬೆರಳ ಮೇಲೆ ಕಲಿಸುತ್ತೇನೆ, ಮರೆಯಬಾರದೆಂದು. ಹೆಬ್ಬೆರಳು ಬಂಡವಾಳದ ಶೇಖರಣೆ. ತೋರುಬೆರಳು ಹೊಸ ಯಂತ್ರ, ಹೊಸ ತಂತ್ರ. ನಡುಬೆರಳು ದುಡಿಯುವ ಜನ. ಉಂಗುರದ ಬೆರಳು ಆಸ್ತಿಗೂ ಒಪ್ಪಂದಕ್ಕೂ ಭದ್ರತೆ ಕೊಡುವ ಕಾನೂನು. ಕಿರುಬೆರಳು ಹಿಗ್ಗುವ ಮಾರುಕಟ್ಟೆ. ಇಡೀ ಕ್ಲಾಸು ಕೈ ಎತ್ತಿಕೊಂಡು ಬೆರಳು ಮಡಚುತ್ತದೆ. ವರ್ಷಗಟ್ಟಲೆ ಇದನ್ನೇ ಮಾಡಿಸಿದ್ದೇನೆ, ನನ್ನ ವಿದ್ಯಾರ್ಥಿಗಳು ಪಾಸಾಗಿದ್ದಾರೆ, ತಹಸೀಲ್ದಾರರೂ ಆಗಿದ್ದಾರೆ.

ಅವತ್ತು ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಬೆರಳು ಮಡಚದೆ ಕೈ ಮೇಲೆಯೇ ಹಿಡಿದಿದ್ದಳು. "ಮ್ಯಾಡಂ, ಈ ಐದು ಇದ್ದದ್ದಕ್ಕೆ ಬೆಳವಣಿಗೆ ಆಯಿತೋ, ಬೆಳವಣಿಗೆ ಆದಲ್ಲಿ ಈ ಐದು ಕಾಣಿಸುತ್ತವೋ?" ಎಂದು ಮರಾಠಿಯಲ್ಲಿ ಕೇಳಿದಳು.

ಬೇರೆ ದಿನವಾಗಿದ್ದರೆ ಸಂತೋಷಪಡುತ್ತಿದ್ದೆನೋ ಏನೋ. ಅವತ್ತು ಮಾತ್ರ, "ಪರೀಕ್ಷೆಗೆ ಐದು ಬರೆ, ಪೂರ್ತಿ ಅಂಕ ಸಿಗುತ್ತದೆ," ಎಂದು ಸಿಡುಕಿದೆ. ಹುಡುಗಿ ತೆಪ್ಪಗೆ ಕುಳಿತಳು. ನನಗೆ ತೆಪ್ಪಗೆ ಕೂರಲಾಗಲಿಲ್ಲ. ಉಳಿತಾಯ ಇದ್ದರೆ ಬೆಳೆಯುತ್ತದೆ ಎನ್ನುತ್ತೇವೆ. ಬೆಳೆದರಲ್ಲವೇ ಉಳಿತಾಯ? ಮಾರುಕಟ್ಟೆ ಹಿಗ್ಗಿದರೆ ಬೆಳೆಯುತ್ತದೆ ಎನ್ನುತ್ತೇವೆ. ಬೆಳೆಯದೆ ಅದು ಹೇಗೆ ಹಿಗ್ಗಿತು? ಇದೇ ಐದು ಬೆರಳು ಇದ್ದೂ ಮುಗ್ಗರಿಸಿದ ದೇಶಗಳಿವೆ, ಎರಡು ಬೆರಳು ಇಲ್ಲದೆಯೂ ಓಡಿದ ದೇಶಗಳಿವೆ. ಮಕ್ಕಳಿಗೆ ಅದನ್ನೂ ನಾನೇ ಕಲಿಸುತ್ತೇನೆ, ಬೇರೆ ಅಧ್ಯಾಯದಲ್ಲಿ.

ಕ್ಲಾಸು ಮುಗಿಸಿ ಹೊರಟಾಗ ಪೆನ್ನಿಗೆ ಕೆಂಪು ರೀಫಿಲ್ ಬೇಕಾಗಿತ್ತು. ಮೂಲೆಯ ಪೆನ್ನಿನ ಅಂಗಡಿಗೆ ಹೋದರೆ ಬಾಗಿಲು ಹಾಕಿತ್ತು. ಮಧ್ಯಾಹ್ನ ಒಂದಕ್ಕೆ ಮುಚ್ಚಿದರೆ ನಾಲ್ಕಕ್ಕೇ ತೆರೆಯುವುದು, ನಡುವೆ ಮಾಲಕ ಊಟ ಮಾಡಿ ಮಲಗುತ್ತಾನೆ. ಯಾರು ಬಂದರೂ ಏಳುವುದಿಲ್ಲ. ನನ್ನ ಐದು ಕಾರಣಗಳ ಪ್ರಕಾರ ಈ ಅಂಗಡಿ ಯಾವಾಗಲೋ ಮುಳುಗಬೇಕಿತ್ತು. ಅದು ನಾನು ಪುಣೆಗೆ ಬರುವ ಮೊದಲೇ ಇತ್ತು, ಈಗಲೂ ಇದೆ. ಪಕ್ಕದಲ್ಲಿ ಹಗಲಿಡೀ ತೆರೆದಿರುತ್ತಿದ್ದ ಅಂಗಡಿಗಳು ಎಷ್ಟೋ ಬಂದವು, ಎಷ್ಟೋ ಹೋದವು. ಮುಚ್ಚಿದ ಬಾಗಿಲ ಮುಂದೆ ನಿಂತು ನನ್ನ ತಲೆ ಇನ್ನಷ್ಟು ಕೆಟ್ಟಿತು.

ಸಂಜೆ ಹೋಗಿ ಕಾಕೂ ಅವರಿಗೆ ಏನು ಹೇಳುವುದು? ಬೆರಳು ಮಡಚಿ ತೋರಿಸಿದರೆ ಅವರು ನಕ್ಕುಬಿಡುತ್ತಾರೆ. ಅವರಿಗೆ ತಿಳಿಯುವ ಉದಾಹರಣೆ ಬೇಕು ಎಂದು ಯೋಚಿಸುತ್ತ ಅಡುಗೆಮನೆಯಲ್ಲಿ ನಿಂತಿದ್ದಾಗ ಕಟ್ಟೆಯ ಮೇಲಿನ ಡಬ್ಬಿ ಕಣ್ಣಿಗೆ ಬಿತ್ತು.

ಆ ಡಬ್ಬಿಯ ಕತೆ ಹೇಳಬೇಕು. ನಾನು ಹೊಸದಾಗಿ ಬಂದ ವಾರವೇ ಕಾಕೂ ಒಂದು ಬಟ್ಟಲು ಶಿರಾ ಕಳಿಸಿದ್ದರು. ಒಬ್ಬರ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ನಾನು ಗೋಧಿ ಹುಗ್ಗಿ ಹಾಕಿ ಕೊಟ್ಟೆ. ಅವರಲ್ಲೂ ಅದೇ ಪದ್ಧತಿಯಂತೆ. ಬಟ್ಟಲಲ್ಲಿ ಅಳೂವಡಿ, ಅಂದರೆ ಕೆಸುವಿನ ಎಲೆಯ ಪತ್ರೊಡೆ, ಬಂತು. ನಾನು ಶೇಂಗಾ ಹೋಳಿಗೆ ಮಾಡಿದೆ, ಬಟ್ಟಲಿಗೆ ಹಿಡಿಸಲಿಲ್ಲ, ಮದುವೆಯಲ್ಲಿ ತಾಯಿ ಕೊಟ್ಟಿದ್ದ ಸ್ಟೀಲ್ ಡಬ್ಬಿಯಲ್ಲಿ ಕಳಿಸಿದೆ. ಮೂರು ಅಂತಸ್ತಿನ ಡಬ್ಬಿ, ತಳದಲ್ಲಿ ತಾಯಿಯ ಹೆಸರು ಕೊರೆಸಿದೆ. ಅಂದಿನಿಂದ ಅದು ಎರಡು ಬಾಗಿಲ ನಡುವೆ ಓಡಾಡುತ್ತಲೇ ಇದೆ. ಮೊದಲು ಒಂದೇ ಅಂತಸ್ತು ತುಂಬುತ್ತಿತ್ತು. ಆಮೇಲೆ ಎರಡು, ಆಮೇಲೆ ಮೂರೂ. ಅದು ಸಾಲದೆ ಮುಚ್ಚಳದ ಮೇಲೆ ಕಾಗದದಲ್ಲಿ ಸುತ್ತಿದ ಚಕ್ಕುಲಿ. ಯಾರೂ ಹೆಚ್ಚಿಸೋಣ ಎಂದು ಹೇಳಿದ್ದಿಲ್ಲ. ಹೆಚ್ಚುತ್ತಲೇ ಹೋಯಿತು. ವಿಮಾ ಕಚೇರಿಯಿಂದ ನಿವೃತ್ತರಾಗಿ ಮನೆಯಲ್ಲೇ ಇರುವ ನನ್ನ ಗಂಡ ಇದನ್ನು ನೋಡಿ, "ಇದು ಪ್ರೀತಿ ಅಲ್ಲ, ಹೊಟ್ಟಿಕಿಚ್ಚು. ನಮಗ ಲಾಭ, ನೀವು ನಡಸ್ರಿ," ಎಂದು ಚೇಷ್ಟೆ ಮಾಡುತ್ತಿದ್ದರು.

ಡಬ್ಬಿಯಲ್ಲಿ ಅವತ್ತು ಗೋಧಿ ಬೆಲ್ಲದ ಮಾದಲಿ ತುಂಬಿದೆ, ಸರದಿ ನನ್ನದೇ ಇತ್ತು. ತೆಗೆದುಕೊಂಡು ಎದುರು ಮನೆಗೆ ಹೋದೆ.

"ನಿಮ್ಮ ಪ್ರಶ್ನಿಗೆ ಉತ್ತರ ತಂದೇನಿ," ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟೆ. "ಈ ಡಬ್ಬಿ ನೋಡ್ರಿ. ಒಂದು ಬಟ್ಟಲದಿಂದ ಶುರುವಾತು. ಇವತ್ತು ಇದು ಸಾಲೂದಿಲ್ಲ. ನಿಮ್ಮನಿಯೊಳಗ ಮಿಕ್ಸರ್ ಬಂತು, ನಮ್ಮನಿಯೊಳಗ ಫ್ರಿಜ್ ಬಂತು, ಮಕ್ಕಳಾದ್ವು, ತಿನ್ನವ್ರು ಹೆಚ್ಚಾದ್ರು. ದೇಶ ಬೆಳಿಯೂದೂ ಹಿಂಗ."

ಕಾಕೂ ಮುಚ್ಚಳ ತೆಗೆದು ಮೂಸಿದರು. "ಮಕ್ಕಳು ಯಾವಾಗೋ ಮನಿ ಬಿಟ್ಟು ಹೋದ್ರಲ್ಲ," ಎಂದರು. "ತಿನ್ನವ್ರು ಕಡಿಮಿ ಆದ ಮ್ಯಾಲೂ ಡಬ್ಬಿ ತುಂಬಿ ಬರತದಲ್ಲ. ಅದು ಯಾಕ?"

ನಾನು ಮಾದಲಿಗೆ ಚಮಚ ಹುಡುಕತೊಡಗಿದೆ.

"ನಾ ಖರೇ ಹೇಳಲ್ಯಾ?" ಎಂದರು ಕಾಕೂ. "ನೀವು ಹೋಳಗಿ ಜೋಡಿ ಕಳಸೂ ಚಟ್ನಿ ಭಾಳ ಖಾರ. ನನಗ ಒಂದು ದಿನಾನೂ ತಿನ್ನಲಿಕ್ಕಾಗಿಲ್ಲ. ವಾಚಮನ್ನಗ ಕೊಡ್ತೇನಿ. ಆದ್ರ ಸ್ವಲ್ಪ ಕಳಿಸಿದ್ರ ನೀವು ಏನು ತಿಳ್ಕೋತೀರೋ ಅಂತ ನಾನೂ ಪ್ರತಿ ಸಲ ಹೆಚ್ಚು ಮಾಡಿ ಕಳಸ್ತೇನಿ."

ನನಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಅಳೂವಡಿ ನಮ್ಮನಿಯವರಿಗೆ ಗಂಟಲು ತುರಸ್ತದ್ರಿ. ನಾವೂ ವಾಚಮನ್ನಗ ಕೊಡ್ತೇವಿ."

ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಇಷ್ಟು ವರ್ಷ ಎರಡು ಮನೆಗಳು ಬೆವರು ಸುರಿಸಿ ಬೆಳೆಸಿದ್ದನ್ನು ವಾಚಮನ್ ತಿಂದಿದ್ದ. ನಗು ನಿಂತ ಮೇಲೆ ಡಬ್ಬಿಯನ್ನು ಮತ್ತೊಮ್ಮೆ ನೋಡಿದೆ. ಬೇಕಾಗಿದ್ದಕ್ಕೆ ಬೆಳೆದದ್ದಲ್ಲ ಇದು. ಅವರು ಏನು ತಿಳಿದುಕೊಳ್ಳುತ್ತಾರೋ ಎಂದು ನಾನು, ನಾನು ಏನು ತಿಳಿದುಕೊಳ್ಳುತ್ತೇನೋ ಎಂದು ಅವರು. ಇದನ್ನು ಯಾವ ಬೆರಳಿಗೆ ಸೇರಿಸುವುದು?

ಕಾಕೂ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, "ಅದು ಇರಲಿ. ನೀವು ಸಹಿ ಮಾಡೀರಿ?"

"ನಮ್ಮನಿಯವರು ಮಾಡ್ಯಾರ."

"ಯಾಕ ಮಾಡಿದ್ರು?"

"ನೀವು ಒಪ್ಪೀರಿ ಅಂತ ಸೊಸೈಟಿ ಚೇರಮನ್ನರು ಹೇಳಿದ್ರಂತ. ಒಬ್ಬಾಕಿ ಇರೂ ಹೆಣ್ಣಮಗಳು ಇಷ್ಟು ವಿಚಾರ ಮಾಡಿ ಒಪ್ಪಿದ್ರ ನಾವು ಯಾಕ ಹಿಂದ ಸರಿಯೂದು ಅಂತ ಇವರು ಮಾಡಿಬಿಟ್ರು."

ಕಾಕೂ ಅವರ ಮುಖ ನೋಡುವಂತಿರಲಿಲ್ಲ. "ನಾ ಎಲ್ಲಿ ಒಪ್ಪೇನಿ?" ಎಂದರು ಮೆಲ್ಲಗೆ. "ಎದುರಿನ ಮ್ಯಾಡಂ ಒಪ್ಪಿದ್ರ ನಾನೂ ಒಪ್ಪತೇನಿ ಅಂತ ಹೇಳಿದ್ದೆ, ಅಷ್ಟs."

ಆಮೇಲೆ ವಿಚಾರಿಸಿದಾಗ ತಿಳಿಯಿತು, ಇಡೀ ಸೊಸೈಟಿಯ ಹಣೆಬರಹವೇ ಇದು. ಕೆಳಗಿನವರು ಮೇಲಿನವರನ್ನು ನೋಡಿ, ಮೇಲಿನವರು ನಮ್ಮನ್ನು ನೋಡಿ, ನಾವು ಕಾಕೂ ಅವರನ್ನು ನೋಡಿ. ಯಾರೂ ಸುಳ್ಳು ಹೇಳಿರಲಿಲ್ಲ. ಚೇರಮನ್ನರ ಮೇಲೆ ರೇಗಲು ಹೋದೆ. ಅವರು ಪಾಪ, ತಮ್ಮ ಮಟ್ಟಿಗೆ ಒಳ್ಳೆಯ ಸುದ್ದಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದ್ದರು. "ಮ್ಯಾಡಂ, ಅರ್ಥಶಾಸ್ತ್ರದವರು ನೀವೇ ಕಟ್ಟಡದಲ್ಲಿರುವಾಗ ನಮಗೇನು ಭಯ," ಎಂದು ಚಹಾ ಬೇರೆ ಕುಡಿಸಿ ಕಳಿಸಿದರು. ನಾನು ಬಾಯಿಬಿಟ್ಟು ಒಂದು ಮಾತು ಆಡಿರಲಿಲ್ಲ, ಆದರೆ ನನ್ನ ಮಾತಿನ ಮೇಲೆ ಅರ್ಧ ಕಟ್ಟಡ ಹೊರಟು ನಿಂತಿತ್ತು.

ಆದರೆ ಅದು ಆಮೇಲಿನದು. ಆ ಸಂಜೆ ಕಾಕೂ ಮಾದಲಿಯನ್ನು ಮುಟ್ಟದೆ ನನ್ನನ್ನೇ ನೋಡುತ್ತ ಕುಳಿತಿದ್ದರು.

"ಈಗರೆ ಹೇಳ್ರಿ," ಎಂದರು. "ಬೆಳೀತದೋ ಇಲ್ಲೋ? ನನಗ ಈ ಮನಿ ಬಿಟ್ರ ಏನೂ ಇಲ್ಲ. ಮಗಳ ಮನಿಯೊಳಗ ಸಾಯೂ ತನಕಾ ಬಂದು ಹೋಗೂ ಪಾವಣ್ಯಾರ ಹಂಗ ಇರೂದು ನನಗ ಬ್ಯಾಡ."

ಬೆಳೆಯುತ್ತದೆ ಎಂದರೆ ಅದು ಪುಸ್ತಕದ ಮಾತು, ನನ್ನದಲ್ಲ. ಇಲ್ಲ ಎಂದರೆ ಅವರೊಬ್ಬರಿಂದ ಎಲ್ಲವೂ ನಿಂತು, ಸೋರುವ ಈ ಮನೆಯಲ್ಲಿ, ಏರಲಾಗದ ಮೆಟ್ಟಿಲ ಮೇಲೆ, ಎಲ್ಲರ ಶಾಪ ಅವರ ತಲೆಗೆ. ನನಗೆ ಅಳು ಬರುವಂತಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ನನಗ ಗೊತ್ತಿಲ್ರಿ ಕಾಕೂ," ಎಂದೆ. "ಇಷ್ಟು ವರ್ಷ ಕಲಿಸೇನಿ, ಖರೇನ ಗೊತ್ತಿಲ್ಲ. ಯಾಕ ಬೆಳೀತು ಅಂತನೂ ಗೊತ್ತಿಲ್ಲ, ಯಾವಾಗ ನಿಲ್ಲತದ ಅಂತನೂ ಗೊತ್ತಿಲ್ಲ. ಆದ್ರ ಒಂದು ಹೇಳ್ತೇನಿ. ಹೊಸಾ ಕಟ್ಟಡದಾಗೂ ನಾ ನಿಮ್ಮ ಎದುರು ಮನಿಯೊಳಗನ ಇರ್ತೇನಿ."

ಅವರು ಮಾದಲಿಯನ್ನು ಹತ್ತಿರ ಎಳೆದುಕೊಂಡು, "ಅಷ್ಟು ಸಾಕು," ಎಂದರು. ಮರುದಿನ ಸಹಿ ಮಾಡಿದರು.

ಕಟ್ಟಡ ಖಾಲಿಯಾಯಿತು. ನಾವು ಅಲ್ಲೇ ಕೋಥರೂಡಿನಲ್ಲಿ ಬಾಡಿಗೆಗೆ ಹೋದೆವು, ಕಾಕೂ ಖರಾಡಿಗೆ ಮಗಳ ಮನೆಗೆ ಹೋದರು. ಗಡಿಬಿಡಿಯಲ್ಲಿ ಡಬ್ಬಿ ನನ್ನ ಬಳಿಯೇ ಉಳಿಯಿತು. ಹೋಗುವ ದಿನ ಅವರು ಲಾರಿಯ ಪಕ್ಕದಲ್ಲೇ ನಿಂತು ಅದರಲ್ಲಿ ಚಿವಡಾ ತುಂಬಿ ಕೊಟ್ಟಿದ್ದರು.

ಹಳೆಯ ಕಟ್ಟಡ ಬಿದ್ದಿದ್ದು ನಾವು ನೆನೆಸಿದ್ದಕ್ಕಿಂತ ಬೇಗ. ಆಮೇಲೆ ಒಂದು ದೊಡ್ಡ ಗುಂಡಿ ತೋಡಿದರು. ಮಳೆಗಾಲದಲ್ಲಿ ಗುಂಡಿ ತುಂಬಿತು. ಮಳೆ ನಿಂತರೂ ನೀರು ಹಾಗೆಯೇ ಇದೆ, ಹಳದಿ ಯಂತ್ರವೊಂದು ಅಂಚಿನಲ್ಲಿ ಸುಮ್ಮನೆ ನಿಂತಿದೆ. ಯಾವುದೋ ಪರವಾನಗಿ ಬರಬೇಕಂತೆ. ಚೇರಮನ್ನರು "ಆಗ್ತದ" ಎನ್ನುತ್ತಾರೆ. ಪತ್ರಿಕೆಯಲ್ಲಿ ಒಂದು ದಿನ ಊರಿನ ಬೇಡಿಕೆ ಏರಿದೆ ಎಂದಿರುತ್ತದೆ, ಮತ್ತೊಂದು ದಿನ ಮನೆಗಳು ಮಾರಾಟವಾಗದೆ ಉಳಿದಿವೆ ಎಂದು. ಎರಡನ್ನೂ ಓದುತ್ತೇನೆ. ಎರಡೂ ನಿಜವೆನಿಸುತ್ತವೆ. ಗಂಡ ಬೆಳಗಿನ ವಾಕಿಂಗಿಗೆ ಆ ಓಣಿ ಬಿಟ್ಟು ಬೇರೆ ಓಣಿಯಲ್ಲಿ ಹೋಗುತ್ತಾರೆ.

ಹೋದ ತಿಂಗಳು ಕರಿಗಡುಬು ಮಾಡಿ, ಡಬ್ಬಿಯ ಮೂರೂ ಅಂತಸ್ತು ತುಂಬಿಕೊಂಡು ಖರಾಡಿಗೆ ಹೋದೆ. ಮೆಟ್ರೊ ಇಳಿದು, ರಿಕ್ಷಾ ಹಿಡಿದು, ಗೇಟಿನಲ್ಲಿ ಫೋಟೊ ತೆಗೆಸಿಕೊಂಡು ಮೇಲೆ ತಲುಪುವಷ್ಟರಲ್ಲಿ ಸಾಕಾಗಿ ಹೋಗಿತ್ತು. ಮಗಳು ಆಫೀಸಿನಲ್ಲಿದ್ದಳು. ಕಾಕೂ ಒಬ್ಬರೇ ಇದ್ದರು, ಸ್ವಲ್ಪ ಇಳಿದಿದ್ದರು. ಕಿಟಕಿಯಿಂದ ನೋಡಿದರೆ ಕಣ್ಣು ಹರಿಯುವ ತನಕ ಗಾಜಿನ ಕಟ್ಟಡಗಳು, ಕ್ರೇನುಗಳು. ಬೆಳವಣಿಗೆ ಎಂದರೆ ಇದೇ, ಕ್ಲಾಸಿನ ಮಕ್ಕಳನ್ನು ಕರೆತಂದು ತೋರಿಸಬೇಕು ಎನಿಸಿತು.

"ಇಲ್ಲಿ ಎದುರು ಮನಿಯವರು ಹ್ಯಾಂಗಿದ್ದಾರ?" ಎಂದು ಕೇಳಿದೆ.

"ಬಂದ ಹೊಸತರಾಗ ಒಂದು ಬಟ್ಟಲ ಶಿರಾ ಕೊಟ್ಟಿದ್ದೆ," ಎಂದರು ಕಾಕೂ. "ಮರುದಿನ ಬಾಗಿಲಿಗೆ ಒಂದು ಚೀಲ ತೂಗಹಾಕಿದ್ರು. ತಗದು ನೋಡಿದ್ರ ಬಟ್ಟಲ. ಸ್ವಚ್ಛ ತೊಳದು, ಒರಸಿ, ಖಾಲಿ."

ನಾನು ಮತ್ತೆ ಕಿಟಕಿಯ ಹೊರಗೆ ನೋಡಿದೆ. ಪಾತ್ರೆ ಖಾಲಿ ಮರಳುವ ಊರಿನಲ್ಲಿ ಇಷ್ಟೆಲ್ಲ ಎದ್ದು ನಿಂತಿದೆ. ಪಾತ್ರೆ ತುಂಬಿ ಮರಳುತ್ತಿದ್ದ ನಮ್ಮ ಜಾಗದಲ್ಲಿ ನೀರು ನಿಂತಿದೆ. ನಾನು ಡಬ್ಬಿಯಿಂದ ಕಲಿತದ್ದೂ ತಪ್ಪೋ ಏನೋ.

ಕಾಕೂ ಕರಿಗಡುಬು ತೆಗೆದು ಬೇರೆ ಪಾತ್ರೆಗೆ ಹಾಕಿದರು. ಡಬ್ಬಿಯನ್ನು ತಾವೇ ತೊಳೆದರು, ಅಂತಸ್ತುಗಳನ್ನು ಒಂದೊಂದಾಗಿ ಒರೆಸಿದರು. ಇನ್ನೇನು ತುಂಬುತ್ತಾರೋ ಎಂದು ನೋಡುತ್ತಿದ್ದೆ. ಅವರು ಅದನ್ನು ಒಯ್ದು ತಮ್ಮ ಕಪಾಟಿನಲ್ಲಿ, ಸೀರೆಗಳ ಪಕ್ಕದಲ್ಲಿ ಇಟ್ಟು ಬಾಗಿಲು ಹಾಕಿದರು.

"ಕಾಕೂ, ಡಬ್ಬಿ," ಎಂದೆ.

"ಇಲ್ಲೇ ಇರಲಿ. ಹೊಸಾ ಮನಿಗೆ ಬಂದ ಮ್ಯಾಲೆ ತುಂಬಿಸಿ, ಬಾಗಿಲು ಬಡದು ಕೊಡ್ತೇನಿ."

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. "ಅದು ನಮ್ಮವ್ವ ಕೊಟ್ಟ ಡಬ್ಬಿ. ಅಕೀ ಹೆಸರು ಅದ ಅದರ ಮ್ಯಾಲೆ," ಎಂದೆ. "ಆ ಕಟ್ಟಡ ಯಾವಾಗ ಏಳತದೋ ಯಾರಿಗೆ ಗೊತ್ತು? ಎದ್ದೀತೋ ಇಲ್ಲೋ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕಾಕೂ ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಪಕ್ಕ ಬಂದು ಕುಳಿತು, ನನ್ನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ನಿಮ್ಮ ಒಂದು ಮಾತಿನ ಮ್ಯಾಲೆ ನಾ ಮನಿ ಬಿಟ್ಟು ಬಂದೇನಿ," ಎಂದರು. "ನನ್ನ ಮಾತಿನ ಮ್ಯಾಲೆ ನೀವು ಒಂದು ಡಬ್ಬಿ ಬಿಟ್ಟು ಹೋಗಲಿಕ್ಕೆ ಆಗೂದಿಲ್ಲೇನು?"

ಚಹಾ ಕುಡಿದೆ. ಅವರು ಲಿಫ್ಟಿನ ತನಕ ಬಂದು ಬೀಳ್ಕೊಟ್ಟರು. ಕೆಳಗಿಳಿದು, ಮಡಚಿದ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ರಿಕ್ಷಾಕ್ಕೆ ಕಾಯುತ್ತ ನಿಂತೆ. ಮನೆಗೆ ಬಂದಾಗ ಗಂಡ, "ಡಬ್ಬಿ ಎಲ್ಲಿ?" ಎಂದು ಕೇಳಿದರು. "ಕಾಕೂ ಹತ್ರ ಅದ, ತರತಾರ," ಎಂದೆ.